ಮಂಚದ ಮೇಲಿಂದ ಸಂಸಾರ
ನಾವಿರುವ ಕೋಗಿಲು ಬಡಾವಣೆಯಲ್ಲಿ ಪಕ್ಕದ ಮನೆಯ ವನಿತಾಗೆ ಏಳನೇ ತಿಂಗಳಲ್ಲೇ ಹೆರಿಗೆ ನೋವು ಕಾಣಿಸಿಕೊಂಡಿತು. ನೋವು ತಡೆಯಲು ಮಾತ್ರೆ, ಮಗುವಿನ ಶ್ವಾಸಕೋಶ ಬಲಿಯಲೆಂದು ಇಂಜೆಕ್ಷನ್ ಕೊಟ್ಟ ಡಾಕ್ಟರು ಮನೆಗೆ ಕಳಿಸುವಾಗ, ಮಂಚ ಬಿಟ್ಟು ಇಳಿಯಬೇಡ ಅಂದರು. ಇಂಥ ಹೆಂಗಸರನ್ನು ನಾನು ಬಲ್ಲೆ. ಅವರನ್ನು ಮಲಗಿಸಬಹುದು, ಮನೆವಾರ್ತೆಯನ್ನು ಅವರ ತಲೆಯಿಂದ ಇಳಿಸಲಾಗದು. ವನಿತಾ ಮಂಚವನ್ನು ಅಡುಗೆಮನೆ ಬಾಗಿಲಿಗೆ ಎಳೆಸಿಕೊಂಡು ಬರೀ ಕಿವಿಯಲ್ಲೇ ಸಂಸಾರ ನಡೆಸುತ್ತಾಳೆ. "ರೀ, ಸಾಸಿವೆ ಸಿಡೀತು, ಕರಿಬೇವು ಹಾಕಿ." "ನಲ್ಲಿ ಸದ್ದು ಕೇಳಿಸ್ತಿಲ್ವಾ? ನೀರು ಬಂತು, ಡ್ರಮ್ ಇಡಿ." ಮಾತ್ರೆ ನುಂಗಿದ ಮೇಲೆ ಮುಖ ಕೆಂಪೇರಿ ತಲೆ ಸಿಡಿಯುತ್ತದೆ, ಆಗಲೂ ಕಣ್ಣು ಮುಚ್ಚಿಕೊಂಡೇ, "ಬಿಳೀ ಬಟ್ಟೆ ಬೇರೆ ನೆನೆಹಾಕ್ರೀ" ಎನ್ನುತ್ತಾಳೆ. ಗಂಡ ಸುಬ್ರಮಣಿ ಉಪ್ಪಿನಿಂದ ಹಿಡಿದು ಪೊರಕೆಯವರೆಗೆ ಪ್ರತಿಯೊಂದಕ್ಕೂ "ಎಲ್ಲಿದೆಯೇ?" ಎಂದು ಕೂಗುತ್ತಾನೆ, ಸ್ವಂತ ಮನೆಗೆ ನೆಂಟನಾಗಿ ಬಂದವನ ಹಾಗೆ. "ಅವಳಿಗೆ ರೆಸ್ಟು, ನನಗೆ ಮಿಲಿಟರಿ ಕಣ್ರೀ" ಎಂದು ಬೀದಿಗೆಲ್ಲ ಹೇಳಿಕೊಂಡು ನಗುತ್ತಾನೆ. ಒಮ್ಮೊಮ್ಮೆ ಅವಳ ಮಾತು ಅರ್ಧಕ್ಕೇ ನಿಲ್ಲುತ್ತದೆ, ಕೈ ಹೊಟ್ಟೆಯ ಮೇಲೆ ಹೋಗುತ್ತದೆ. ಹೊಟ್ಟೆ ಬಿಗಿಯುತ್ತಿದೆ, ಮಾತ್ರೆಗೆ ಬಗ್ಗುತ್ತದೋ, ಆಸ್ಪತ್ರೆಗೆ ಓಡಬೇಕೋ ಗೊತ್ತಿಲ್ಲ. ಸುಬ್ರಮಣಿ ಒಲೆ ಆರಿಸಿ, ಸೌಟು ಹಿಡಿದೇ ಬಾಗಿಲಲ್ಲಿ ನಿಲ್ಲುತ್ತಾನೆ. "ಏನಾದ್ರೂ ಬೈಯೇ, ವನಿತಾ" ಎನ್ನುತ್ತಾನೆ. ಬಹಳ ಹೊತ್ತಿನ ಮೇಲೆ ಹೊಟ್ಟೆ ಹಿಡಿದ ಅವಳ ಕೈ ಸಡಿಲಾಗುತ್ತದೆ. "ಸೌಟಿಂದ ಸಾರು ಸೋರ್ತಿದೆ, ನೆಲ ಯಾರು ಒರೆಸ್ತಾರೆ?" ನೆಲ ಒರೆಸುವ ಬಟ್ಟೆ ಎಲ್ಲಿದೆಯೆಂದು ಆಗ ಮಾತ್ರ ಅವನು ಕೇಳುವುದಿಲ್ಲ.