ಅಡಕೆಯ ಹಾಗೆ ಒಣಗಿಸಿದ ಓಲೆ

ಮೊನ್ನೆ ನೆಲ್ಯಾಡಿ ದಾಟುವಾಗ ರಸ್ತೆ ಕೆಲಸದವರು ನಮ್ಮ ಕಾರನ್ನು ತಡೆದು ನಿಲ್ಲಿಸಿದರು. ನೀರು ಹರಿಯುವ ತೋಡಿನ ಬದಿಯ ಮುಂಡೇವಿನ ಪೊದೆಯನ್ನು ಕಡಿದು ರಾಶಿ ಹಾಕಿದ್ದರು. ಕಿಟಕಿಯಿಂದ ಅದರ ಹಸಿ ವಾಸನೆ ಬಂತು. ಕೇದಗೆಯ ಜಾತಿಯದೇ ಗಿಡ ಅದು. ಉದ್ದುದ್ದ ಓಲೆ, ಎರಡು ಅಂಚಿಗೂ ಬೆನ್ನಿಗೂ ಮುಳ್ಳು. ನಮ್ಮ ಕಡೆ ಅದರಿಂದ ಚಾಪೆ ಹೆಣೆಯುತ್ತಿದ್ದರು. ಎಷ್ಟೋ ವರ್ಷ ನೆನೆಯದೆ ಇದ್ದವರೊಬ್ಬರು ಆ ವಾಸನೆಯ ಜೊತೆ ಕಣ್ಣೆದುರು ಬಂದು ನಿಂತರು...

ಐವತ್ತರ ದಶಕದ ಕೊನೆ ಇರಬೇಕು. ಸುಳ್ಯ ಕಡೆಯ ಅಡಕೆ ತೋಟದ ಮನೆಯ ಹುಡುಗಿ ನಾನು, ಕಡಬದ ಹತ್ತಿರದ ಒಂದು ಶಾಲೆಗೆ ಟೀಚರಾಗಿ ಬಂದಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನನ್ನ ಬಾಡಿಗೆ ಮನೆಯ ಕೆಳಗೆ, ತೋಡಿನಾಚೆ, ಅವರ ಮನೆ. ಊರೆಲ್ಲ ಅವರನ್ನು ಚಾಪೆಯಕ್ಕ ಎನ್ನುತ್ತಿತ್ತು. ನಾನೂ ಹಾಗೆಯೇ ಕರೆದೆ. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ಓದುಬರಹ ಇಲ್ಲ, ಮಾತು ಕಡಿಮೆ, ಹಟ ಮಾತ್ರ ಇಬ್ಬರಿಗಾಗುವಷ್ಟು.

ಆ ವರ್ಷ ಶಾಲೆಗಳಲ್ಲಿ ಊರಿನ ಕೈಕೆಲಸವೊಂದನ್ನು ಕಲಿಸಬೇಕೆಂದು ಸುತ್ತೋಲೆ ಬಂತು. ಕಲಿಸಲು ಬಯಸುವವರು ತಾವು ಮಾಡಿದ್ದನ್ನು ಮಂಗಳೂರಿನ ಪ್ರದರ್ಶನಕ್ಕೆ ಒಯ್ಯಬೇಕು. ಅಲ್ಲಿ ಅಧಿಕಾರಿಗಳು ನೋಡಿ ಆರಿಸುತ್ತಾರೆ. ನಾನು ಸುದ್ದಿ ಹೇಳಿದ್ದೇ ತಡ, ಚಾಪೆಯಕ್ಕ ಎದ್ದು ನಿಂತರು.

"ಆ ಕೆಲಸ ನನಗೆ ಬೇಕು ಟೀಚರೇ. ಮನೆಮನೆಗೆ ಹೊತ್ತುಕೊಂಡು ಹೋಗಿ, ಅಂಗಳದಲ್ಲಿ ನಿಂತು ಚಾಪೆ ಬೇಕಾ ಅಂತ ಕೇಳಿದ್ದು ಸಾಕು. ಇನ್ನು ಕೂತು ಕಲಿಸುದು."

ಪ್ರದರ್ಶನದ ಚಾಪೆಗೆಂದೇ ಓಲೆಗಳನ್ನು ಆರಿಸಿ ಕೊಯ್ದರು. ಮುಳ್ಳು ತೆಗೆದು, ಬೇಯಿಸಿ, ತೋಡಿನಲ್ಲಿ ನೆನೆಹಾಕಿದರು. ಅಷ್ಟರಲ್ಲಿ ತಂಗಿಯ ಬಾಣಂತನಕ್ಕೆ ಇಚಿಲಂಪಾಡಿಗೆ ಹೋಗಬೇಕಾಗಿ ಬಂತು. ಅವರ ಅಂಗಳಕ್ಕೆ ಹಲಸಿನ ಮರದ ನೆರಳು, ನನ್ನ ಅಂಗಳದಲ್ಲಿ ಬೇಕಾದಷ್ಟು ಬಿಸಿಲು. ಒಣಗಿಸುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡೆ. "ಎರಡು ಬಿಸಿಲು ಸಾಕು, ಮತ್ತೆ ಸುರುಳಿ ಸುತ್ತಿ ಒಳಗಿಡಿ" ಎಂದು ಹೇಳಿ ಹೋದರು.

ಎರಡು ಬಿಸಿಲು! ಅಡಕೆಗೆ ನಲವತ್ತು ಬಿಸಿಲು ಕಾಣಿಸುವ ಮನೆಯಲ್ಲಿ ಹುಟ್ಟಿದವಳು ನಾನು. ಒಂದು ಬಿಸಿಲು ಕಡಿಮೆಯಾದರೆ ಬೂಸ್ಟು ಹಿಡಿಯುತ್ತದೆ ಎಂದು ಅಪ್ಪ ಮನೆಯವರನ್ನೆಲ್ಲ ಗದರಿಸುವುದನ್ನು ಕೇಳುತ್ತಲೇ ಬೆಳೆದವಳು. ಆ ಓಲೆಯನ್ನು ಮೂರು ವಾರ ಒಣಗಿಸಿದೆ, ಬೆಳಿಗ್ಗೆ ಹರಡಿ, ಮಧ್ಯಾಹ್ನ ಮಗುಚಿ, ಸಂಜೆ ರಾಶಿ ಮಾಡಿ. ಉಪಕಾರ ಮಾಡುತ್ತಿದ್ದೇನೆಂಬ ಜಂಭ ಬೇರೆ.

ಅವರು ಮರಳಿ ಬಂದಾಗ ಪ್ರದರ್ಶನಕ್ಕೆ ನಾಲ್ಕೇ ದಿನ ಉಳಿದಿತ್ತು. ಒಂದು ಓಲೆಯನ್ನು ಎತ್ತಿ ಬೆರಳಿಗೆ ಸುತ್ತಿದರು. ಹಪ್ಪಳದ ಹಾಗೆ ಮುರಿಯಿತು. ಇನ್ನೊಂದು, ಮತ್ತೊಂದು... "ಟೀಚರೇ, ಇದು ಅಡಕೆ ಅಲ್ಲ" ಎಂದರು. ನಾನು ಅಳತೊಡಗಿದೆ. "ಅಳುದು ಮತ್ತೆ ಮಾಡುವ. ಈಗ ನೀರು ತನ್ನಿ" ಎಂದರು.

ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬದುಕಿದಷ್ಟು ಓಲೆಯಲ್ಲಿ ಹೆಣೆದರು. ಅರ್ಧ ಚಾಪೆ ಆಯಿತು. ಅದರ ಅಂಚಿನಲ್ಲೂ ಮೂರು ಕಡೆ ಬಿರುಕು. ಈ ವರ್ಷ ಬೇಡ ಅಕ್ಕ ಎಂದೆ. ಅವರು ಆಗಲೇ ಮಂಗಳೂರಿಗೆ ಉಡುವ ಸೀರೆ ಒಗೆದು ಹಾಕಿದ್ದರು.

ಮಂಗಳೂರಿನ ಪ್ರದರ್ಶನದ ಹಾಲ್‌ನಲ್ಲಿ ಮೇಜುಗಳ ಮೇಲೆ ಕಸೂತಿ, ಬೆತ್ತದ ಬುಟ್ಟಿ, ಹೊಳೆಯುವ ಮರದ ಸಾಮಾನು. ನಡುವೆ ನಮ್ಮ ಅರ್ಧ ಚಾಪೆ. ಅಧಿಕಾರಿ ಅಂಚಿನ ಮೇಲೆ ಬೆರಳಾಡಿಸಿದರು. ಬಿರುಕಿಗೆ ಬಂದಾಗ ಬೆರಳು ನಿಂತಿತು.

"ಓಲೆ ಸುಟ್ಟ ಹಾಗೆ ಆಗಿದೆಯಲ್ಲ. ಒಣಗಿಸಿದ್ದು ಯಾರು?"

ಅವರು ನನ್ನದೇ ಇಲಾಖೆಯ ಅಧಿಕಾರಿ. ನನ್ನ ಕೆಲಸ ಕಾಯಂ ಆಗುವುದು ಅವರ ಕೈಯಲ್ಲಿತ್ತು. ನೆಲ ನೋಡುತ್ತ ನಿಂತೆ.

"ನಾನೇ" ಎಂದರು ಚಾಪೆಯಕ್ಕ.

ಓಲೆಯ ಹದ ತಿಳಿಯದವರು ಮಕ್ಕಳಿಗೆ ಎಂತ ಕಲಿಸುವುದು ಎಂದು ಹೇಳಿ, ಕಾಗದದಲ್ಲಿ ಏನೋ ಬರೆದು, ಅಧಿಕಾರಿ ಮುಂದಿನ ಮೇಜಿಗೆ ಹೋದರು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವರು ಅವರು.

ಹೊರಗೆ ಬಂದ ಮೇಲೆ ಬಸ್ಸಿನ ಕಡೆ ತಿರುಗಿದೆ. ಅವರು ಬರಲಿಲ್ಲ. "ಬಸ್ಸಿಗೆ ಹೊತ್ತುಂಟಲ್ಲ. ಇಷ್ಟು ದೂರ ಬಂದು ಊರು ನೋಡದೆ ಹೋಗುದಾ?"

ಅವರು ನೋಡಿದ ಊರೇ ಬೇರೆ. ಹಂಚಿನ ಕಾರ್ಖಾನೆಯ ಗೇಟಿನಲ್ಲಿ ನಿಂತು, ಹೆಂಗಸರು ಮಣ್ಣು ಹೊರುವ ಬುಟ್ಟಿಯನ್ನು ನೋಡಿ, "ಇದು ನಮ್ಮ ಕಡೆಯ ಬಿದಿರು" ಎಂದರು. ಬಂದರಿನ ಒಂದು ಅಡಕೆ ಮಂಡಿಯಲ್ಲಿ ರಾಶಿಯ ಅಡಿಗೆ ಹಾಸಿದ್ದ ಚಾಪೆಯ ಅಂಚನ್ನು ಮಗುಚಿ, ಅದು ಇಚಿಲಂಪಾಡಿಯವರ ಕೈಯೆಂದು ಗುರುತಿಸಿದರು. ಹೊಳೆ ಬದಿಯಲ್ಲಿ ಕತ್ತದ ಹಗ್ಗ ಹೊಸೆಯುವ ಹೆಂಗಸರ ಹತ್ತಿರ ಒಂದು ಗಂಟೆ ಕುಳಿತರು. ತೆಂಗಿನ ಸಿಪ್ಪೆ ಎಷ್ಟು ದಿನ ನೀರಿನಲ್ಲಿರಬೇಕು, ಸಾಕು ಎಂದು ಹೇಗೆ ತಿಳಿಯುತ್ತದೆ, ಕೊಳೆತರೆ ಏನು ಮಾಡುತ್ತೀರಿ... ಕೇಳಿ ಕೇಳಿ, ಕೊನೆಗೆ ತಾವೂ ಒಂದು ಮಾರು ಹೊಸೆದು ಕೊಟ್ಟರು. ನಾಚಿಕೆಯಲ್ಲಿ ನನಗೆ ಊರೂ ಕಾಣಲಿಲ್ಲ, ಹೊಳೆಯೂ ಕಾಣಲಿಲ್ಲ.

ಬಸ್ಸು ಪಾಣೆಮಂಗಳೂರಿನ ಸೇತುವೆ ದಾಟುವಾಗ, "ಬರುವ ವರ್ಷವೂ ಇದು ಉಂಟಲ್ಲ ಟೀಚರೇ?" ಎಂದು ಕೇಳಿದರು. ಉಂಟು ಎಂದೆ. ಆ ದಿನ ನನ್ನ ಬಾಯಿಂದ ಬಂದ ಗಟ್ಟಿ ಮಾತು ಅದೊಂದೇ.

ಮುಂದಿನ ವರ್ಷ ಅವರು ಹಲಸಿನ ಕೊಂಬೆ ಕಡಿಸಿ ತಮ್ಮ ಅಂಗಳದಲ್ಲೇ ಓಲೆ ಒಣಗಿಸಿದರು. ನನ್ನನ್ನು ಕರೆಯಲಿಲ್ಲ. ಬಸ್ಸಿನ ಬೋರ್ಡು ಓದಲು ಬಾರದವರು, ಕೇಳಿಕೊಂಡು ಒಬ್ಬರೇ ಮಂಗಳೂರಿಗೆ ಹೋದರು, ಚಾಪೆ ತೋರಿಸಿದರು, ಕೆಲಸ ಹಿಡಿದುಕೊಂಡೇ ಬಂದರು. ಮೊದಲ ದಿನ ಶಾಲೆಯಲ್ಲಿ ಅವರಿಗೊಂದು ಕುರ್ಚಿ ಹಾಕಿದೆವು. ಸ್ವಲ್ಪ ಹೊತ್ತು ಕುಳಿತು ನೋಡಿ, ಚಾಪೆ ಹೆಣೆಯುವುದು ಕುರ್ಚಿಯಲ್ಲಿ ಆಗುವ ಕೆಲಸವಲ್ಲ ಎಂದು ಮಕ್ಕಳ ನಡುವೆ ಇಳಿದು ಕುಳಿತರು.

ಒಂದು ದಿನ ಮಕ್ಕಳು ಹೋದ ಮೇಲೆ ಧೈರ್ಯ ಮಾಡಿದೆ. "ಅಕ್ಕ, ಆವತ್ತು ನಾನು ಹೇಳಬೇಕಿತ್ತು."

ಅವರ ಕೈ ನಿಲ್ಲಲಿಲ್ಲ. ಮಾತಿನಲ್ಲಿ ಸಿಟ್ಟೂ ಇರಲಿಲ್ಲ. "ಹೌದು. ನೀವು ಹೇಳ್ತೀರಿ ಅಂತ ನಾನು ಸ್ವಲ್ಪ ಹೊತ್ತು ಕಾದೆ" ಎಂದರು.

ಆಮೇಲೆ ನನಗೆ ವರ್ಗವಾಯಿತು. ಮೂವತ್ತು ವರ್ಷ ಬೇರೆ ಬೇರೆ ಊರುಗಳಲ್ಲಿ ಪಾಠ ಮಾಡಿದೆ. ಯಾರು ಮಾಡಿದ್ದು ಎಂದು ತರಗತಿಯಲ್ಲಿ ಕೇಳಿದಾಗಲೆಲ್ಲ ಕೋಲಿಗೆ ಕೈ ಹಾಕದೆ ಕಾಯುತ್ತಿದ್ದೆ. ಎಷ್ಟು ಹೊತ್ತಾದರೂ ಸರಿ, ಮಗು ಎದ್ದು ನಿಲ್ಲಲಿ ಎಂದು. ಚಾಪೆಯಕ್ಕ ತೀರಿಕೊಂಡ ಸುದ್ದಿ ನನಗೆ ತಲುಪುವಾಗ ವರ್ಷವೇ ಕಳೆದಿತ್ತು. ಹೋಗಿ ಮುಖ ನೋಡುವುದಕ್ಕೂ ಆಗಲಿಲ್ಲ. ಆ ಸಂಕಟ ಈಗಲೂ ಉಂಟು.

ಕಾರು ಹೊರಟಿತು. ಆ ಅಧಿಕಾರಿಯೂ ಈಗ ಇರಲಿಕ್ಕಿಲ್ಲ. ಕೇಳುವವರು ಯಾರೂ ಉಳಿಯದಿದ್ದರೂ ಹೇಳಿಯೇ ಬಿಡುತ್ತೇನೆ. ಸಾರ್, ಆ ಓಲೆಯನ್ನು ಒಣಗಿಸಿದ್ದು ನಾನು.