ಮಜ್ಲಿಸಿನಲ್ಲಿ ಬಾಗಿದ ಬೆನ್ನು

ದುಬೈಯಿಂದ ಅಬುಧಾಬಿಗೆ ಸುಮಾರು ನೂರೈವತ್ತು ಕಿಲೋಮೀಟರ್ ದಾರಿ. ಬೆಳಿಗ್ಗೆ ಏಳಕ್ಕೆ ಶೇರ್ ಟ್ಯಾಕ್ಸಿ ಹತ್ತಿದೆವು. ತಲೆಗೆ ಮೂವತ್ತು ದಿರ್ಹಂ. ಜುಲೈ ತಿಂಗಳಾದ್ದರಿಂದ ಆ ಹೊತ್ತಿಗೇ ಕಾರಿನ ಬಾಗಿಲು ಮುಟ್ಟಿದರೆ ಕೈ ಚುರುಕ್ ಅನ್ನುತ್ತಿತ್ತು. ಪಕ್ಕದಲ್ಲಿ ನನ್ನ ತಮ್ಮ ಶೇಷಾದ್ರಿ ಅರ್ಜಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಅವನು ದುಬೈಯ ಅಲ್ ಕೂಜ್‌ನ ಗೋದಾಮೊಂದರಲ್ಲಿ ಸ್ಟೋರ್ ಕೀಪರ್. ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ಅವನಿಗೆ, ಊರಲ್ಲಿ ನನ್ನ ಮನೆಯಲ್ಲಿದ್ದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಷ್ಟು ಸಂಬಳದ ಕೆಲಸ ಸಿಕ್ಕಿತ್ತು. ಆದರೆ ಹಳೆಯ ಮಾಲೀಕ ‘ರಿಲೀಸ್’ ಪತ್ರಕ್ಕೆ ಸಹಿ ಹಾಕದೆ ಸತಾಯಿಸುತ್ತಿದ್ದ. ಆ ಪತ್ರವಿಲ್ಲದೆ ಕೆಲಸ ಬಿಟ್ಟರೆ ವೀಸಾ ರದ್ದಾಗಿ ಊರಿಗೆ ಮರಳಬೇಕು. ಮಾಲೀಕ ಮಾತು ಮೀರದ ಹಿರಿಯ ಶೇಖ್ ಒಬ್ಬರು ಅಬುಧಾಬಿಯಲ್ಲಿದ್ದರು. ಅವರು ಜನರ ಅಹವಾಲು ಕೇಳುವ ಮಜ್ಲಿಸಿಗೆ ಯಾರು ಬೇಕಾದರೂ ಹೋಗಬಹುದಂತೆ.

ನಾನು ಮೈಸೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪೌರನೀತಿ ಹೇಳಿಕೊಟ್ಟವನು, ನಿವೃತ್ತನಾದ ಮೇಲೆ ತಮ್ಮನನ್ನು ನೋಡಲು ಬಂದಿದ್ದೆ. ಅರಸೊತ್ತಿಗೆ ಎಂಬುದು ಮ್ಯೂಸಿಯಮ್ಮಿನ ಸಾಮಾನು ಎಂದು ದಾರಿಯಲ್ಲಿ ಸಿಗುವ ಜೆಬೆಲ್ ಅಲಿ ಬಂದರು ದಾಟುವವರೆಗೂ ಅವನ ತಲೆ ಕೊರೆದೆ.

"ಬ್ರಿಟಿಷರು ಹೋದ ಮೇಲೆ ನಮ್ಮ ಅರಸರು ಪಟ್ಟ ಬಿಟ್ಟು ಒಂದಾದ್ರು, ಇಲ್ಲಿನ ಏಳು ಜನ ಅರಸರು ಪಟ್ಟ ಇಟ್ಕೊಂಡೇ ಒಂದಾದ್ರು. ಅಷ್ಟೇ ಅಣ್ಣ. ಅಲ್ಲಿ ಪಾಠ ಶುರು ಮಾಡ್ಬೇಡ, ನಿನ್ನ ದಮ್ಮಯ್ಯ" ಎಂದ ಶೇಷಾದ್ರಿ.

ಅಬುಧಾಬಿಯ ಅಲ್ ಮೀನಾದ ಮೀನಿನ ಮಾರುಕಟ್ಟೆಯಲ್ಲಿ ತಮ್ಮನ ಪರಿಚಯದ, ಶೇಖ್ ಮನೆಯ ಡ್ರೈವರ್ ಫೆಲಿಕ್ಸ್ ಕಾಯುತ್ತಿದ್ದರು. ಉಡುಪಿ ಕಡೆಯವರು, ಅರಬ್ಬಿ ಬಲ್ಲವರು. ನಾನು ಮೂಗಿಗೆ ಕರವಸ್ತ್ರ ಹಿಡಿದದ್ದು ಕಂಡು ನಕ್ಕರು.

"ಹೆದರ್ಬೇಡಿ ಮಾರಾಯ್ರೆ, ಬಾಗಿಲಲ್ಲಿ ಯಾರೂ ತಡೆಯುದಿಲ್ಲ. ಕಾಫಿ ಸಾಕಾದ್ರೆ ಕಪ್ ಅಲ್ಲಾಡ್ಸಿ, ಇಲ್ಲದಿದ್ರೆ ಹಾಕ್ತಾನೇ ಇರ್ತಾರೆ."

ಮಜ್ಲಿಸಿನ ಉದ್ದನೆಯ ಹಜಾರದಲ್ಲಿ ಗೋಡೆಗುಂಟ ಜನ ಕೂತಿದ್ದರು. ಒಬ್ಬ ಮುದಿ ಒಂಟೆಗಾರ ಶೇಖ್ ಅವರನ್ನು ಹೆಸರು ಹಿಡಿದೇ ಕರೆದು, ಬಾವಿಯ ವಿಷಯಕ್ಕೆ ದನಿಯೇರಿಸಿ ಜಗಳಾಡಿದ. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿದರು. ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತರನ್ನು ಹಾಗೆ ಕರೆದು ನೋಡಿ! ನಾನು ದಂಗಾದೆ.

ನಮ್ಮ ಸರದಿ ಬಂತು. ತಮ್ಮ ಅರ್ಜಿಯನ್ನು ತಲೆಕೆಳಗಾಗಿ ಹಿಡಿದು ಚಾಚಿದ. ಅದನ್ನು ಕಂಡು ನನಗೇನಾಯಿತೋ, ಮೂವತ್ತು ವರ್ಷದ ಪೌರನೀತಿ ಗಾಳಿಗೆ ಹೋಯಿತು. ನಾನು ಬಗ್ಗಿ ಶೇಖ್ ಅವರ ಕಾಲು ಮುಟ್ಟಲು ಹೋದೆ.

ಶೇಖ್ ಅವರು ಥಟ್ಟನೆ ಎದ್ದು, ನನ್ನ ಎರಡೂ ಭುಜ ಹಿಡಿದು ಎತ್ತಿ ಏನೋ ಹೇಳಿದರು.

"ಬಾಗುದು ದೇವರಿಗೆ ಮಾತ್ರ ಅಂತೆ ಸರ್" ಎಂದರು ಫೆಲಿಕ್ಸ್. "ನೆಟ್ಟಗೆ ನಿಂತು ಹೇಳ್ಬೇಕಂತೆ."

ನಾಚಿಕೆಯಿಂದ ಕಣ್ಣು ತುಂಬಿ ಬಂತು. ನೆಟ್ಟಗೆ ನಿಂತೆ, ಹೇಳಿದೆ. ಶೇಖ್ ಅವರು ಅರ್ಜಿ ಓದಿಸಿ, ಅಲ್ಲಿಂದಲೇ ಮಾಲೀಕನಿಗೆ ಫೋನ್ ಮಾಡಿಸಿದರು. ನಾಲ್ಕನೆಯ ದಿನ ಸಹಿಯಾದ ಪತ್ರ ಬಂತು. ಒಬ್ಬರ ದೊಡ್ಡತನದಿಂದ ಸಿಕ್ಕಿದ್ದು ಕಾನೂನಿನಿಂದಲೇ ಸಿಗಬೇಕಿತ್ತು ಎಂದು ನನ್ನೊಳಗಿನ ಮೇಷ್ಟ್ರು ಗೊಣಗಿದ್ದು ನಿಜ. ಆದರೂ ಆ ಮನುಷ್ಯನ ಮೇಲೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ನಾನು ಊರಿಗೆ ಹೊರಟ ದಿನ ದುಬೈ ವಿಮಾನ ನಿಲ್ದಾಣದಲ್ಲಿ ಶೇಷಾದ್ರಿ ವಾಡಿಕೆಯಂತೆ ನನ್ನ ಕಾಲಿಗೆ ಬಗ್ಗಿದ. ಅವನ ಎರಡೂ ಭುಜ ಹಿಡಿದು ಎತ್ತಿದೆ.

"ನೆಟ್ಟಗೆ ನಿಂತ್ಕೊಂಡು ಹೇಳೋ, ಮಕ್ಕಳನ್ನ ಯಾವತ್ತು ಕಳಿಸ್ಲಿ?"