ದೀಪ ಹಚ್ಚಿದ ಮೇಲೆ ಹೆಪ್ಪು

ಈಗಷ್ಟೇ ಪಕ್ಕದ ಮನೆಯ ಮಂಗಲಾ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. "ವಹಿನಿ, ಒಂದ್ ಚಮಚಾ ಹೆಪ್ಪು ಕೊಡ್ರಿ. ನಮ್ಮದು ಪೂರಾ ಕೆಟ್ಟು ಹೋಗ್ಯಾದ." ನಾನಾಗಲೇ ದೇವರ ಮುಂದೆ ದೀಪ ಹಚ್ಚಿದ್ದೆ. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಹೊಸ್ತಿಲು ದಾಟಬಾರದು ಎನ್ನುವುದು ನಮ್ಮ ಕಡೆಯ ಮಾತು. ಹಿಂದೆಯೇ ಲಕ್ಷ್ಮಿಯೂ ಹೊರಟುಬಿಡುತ್ತಾಳಂತೆ. ಇಲ್ಲವೆನ್ನಲೂ ಬಾಯಿ ಬರದೆ, "ಕೂಡವಾ, ನೋಡ್ತೀನಿ" ಎಂದು ಒಳಗೆ ಹೋಗಿ ಫ್ರಿಜ್ ತೆರೆದೆ. ತೆರೆದದ್ದೇ ತಡ, ಕರೆಂಟು ಹೋಯಿತು.

ನಮ್ಮ ಗಡಿಯೂರು ಉಮರ್ಗಾದಲ್ಲಿ ಕರೆಂಟು ಹೋಗುವುದು ಒಂದು ಸುದ್ದಿಯೇ ಅಲ್ಲ. ಆದರೂ ಫ್ರಿಜ್ಜಿನ ಸದ್ದು ನಿಂತರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಅದರ ಮುಂದೆ ಬಂದು ನಿಲ್ಲುತ್ತೇನೆ. ಮನೆಯವರು ನಗುತ್ತಾರೆ. ಅವರಿಗೇನು, ಮೊಸರಿನ ಗಡಿಗೆಯ ಹಿಂದೆ ಕೂತಿರುವ ಸ್ಟೀಲ್ ಡಬ್ಬಿಯ ಚಿಂತೆ ಅವರಿಗಿಲ್ಲ. ಮಂಗಲಾ ಒಂದು ಗಳಿಗೆ ಕೂತಿರಲಿ, ನಿಮಗೆ ಆ ಡಬ್ಬಿಯ ವಿಷಯ ಹೇಳಿಬಿಡುತ್ತೇನೆ.

ಹತ್ತಿರದ ಮುರುಮ ಊರಿನ ಆಚೆಯ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ನನಗೆ ಕೆಲಸ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿಯನ್ನು ಅಲ್ಲಿ ಸ್ಪಿರಿಟ್ ಮಾಡುತ್ತಾರೆ. ಮಾಡುತ್ತಾರೆ ಎಂದೆ, ಆದರೆ ಮಾಡುವುದು ಯೀಸ್ಟ್. ನಾವು ಅದರ ಸೇವೆಗೆ ನಿಂತವರು. ಆಗ ನನ್ನ ಮೇಲಿನ ಕೆಮಿಸ್ಟ್ ಗುಂಜೋಟಿಯ ಮಹಾಂತಯ್ಯ ಸ್ವಾಮಿ. ಜಂಗಮರ ಮನೆತನ. ಬೆಳಿಗ್ಗೆ ಭಕ್ತರ ಮನೆಯ ಪೂಜೆ ಮುಗಿಸಿ, ಹಣೆಯ ವಿಭೂತಿ ಹಾಗೆಯೇ ಇರುವಾಗ ಸ್ಪಿರಿಟ್ಟಿನ ವಾಸನೆಗೆ ಬರುತ್ತಿದ್ದರು. ಟ್ಯಾಂಕು ನೋಡಿಕೊಳ್ಳುವ ಮಾಳಪ್ಪ ಕೆಣಕುತ್ತಿದ್ದ, "ಶಿವಪೂಜಿ ಮಾಡಿ ಬಂದು ಸೆರಿ ಕಾಸ್ತೀರಲ್ರೀ ಅಪ್ಪಾರ?"

"ನಾ ಎಲ್ಲಿ ಸೆರಿ ಕಾಸ್ತೀನೋ? ನಿಮ್ಮನ್ಯಾಗ ಕುರಿ ಸಾಕ್ದಂಗ ನಾ ಇಲ್ಲಿ ಹುಳ ಸಾಕ್ತೀನಿ."

ಸಾಕಿದ್ದು ಸುಳ್ಳಲ್ಲ. ನಮ್ಮ ಬೇಸಿಗೆಗೆ ಪೇಟೆಯಿಂದ ತಂದ ಯೀಸ್ಟ್ ಟ್ಯಾಂಕಿನಲ್ಲೇ ಬೆಂದು ಸುಮ್ಮನಾಗುತ್ತಿತ್ತು. ಒಂದು ಸಲ ಎಲ್ಲ ಟ್ಯಾಂಕುಗಳು ತಣ್ಣಗೆ ಕೂತಾಗ ಮೂಲೆಯ ಒಂದು ಮಾತ್ರ ನೊರೆ ಉಗುಳುತ್ತಲೇ ಇತ್ತು. ಸ್ವಾಮಿ ಅದರಿಂದ ಒಂದು ಹನಿ ತಂದು ಯೀಸ್ಟ್ ಬೆಳೆಸುವ ಜೆಲ್ಲಿ ತುಂಬಿದ ತಟ್ಟೆಯ ಮೇಲೆ ಗೀರಿದರು. ಎದ್ದ ಚುಕ್ಕಿಗಳನ್ನು ಬೇರೆ ಬೇರೆ ಮಾಡಿ, ಒಂದೊಂದನ್ನೂ ಬಿಸಿ ಕಾಕಂಬಿಯಲ್ಲಿ ದುಡಿಸಿ ನೋಡಿ, ದಣಿದದ್ದನ್ನು ಬಿಟ್ಟು ತಡೆದದ್ದನ್ನು ಇಟ್ಟುಕೊಂಡರು. ಹೀಗೆ ಎಷ್ಟೋ ಬೇಸಿಗೆ ಕಳೆದ ಮೇಲೆ ಒಂದು ತಳಿ ನಿಂತಿತು. ಅದು ಬಾಯಿಗೆ ಹತ್ತಿ ತುರುಕಿದ ಗಾಜಿನ ನಳಿಕೆಗಳಲ್ಲಿ, ಲ್ಯಾಬಿನ ಹಳೆಯ ಫ್ರಿಜ್ಜಿನೊಳಗೆ, ತಂಪಿನಲ್ಲಿ ನಿದ್ದೆ ಮಾಡುತ್ತಿತ್ತು. ನಮ್ಮ ಮನೆಯಲ್ಲೂ ಒಂದು ನಳಿಕೆ ಇಟ್ಟುಕೊಳ್ಳಲೇ ಎಂದು ಕೇಳಿದ್ದೆ. "ಇದೂ ಹೆಪ್ಪೇ. ಹೆಪ್ಪು ಮನಿ ದಾಟಬಾರದ್ರಿ ಬಾಯಾರ" ಎಂದು ಸ್ವಾಮಿ ಮಾತು ಮುಗಿಸಿದ್ದರು.

ಒಂದು ವರ್ಷ ದಸರೆಯ ಖಂಡೇನವಮಿ ಬಂತು. ನಮ್ಮಲ್ಲಿ ಅಂದು ಯಾವ ಯಂತ್ರವನ್ನೂ ದುಡಿಸುವುದಿಲ್ಲ. ತೊಳೆದು, ಅರಿಸಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ ಬಿಡುತ್ತೇವೆ. ಕಾರ್ಖಾನೆಯ ಪೂಜೆಯೂ ಸ್ವಾಮಿಯವರದೇ. ಪಂಪು, ಬಾಯ್ಲರು, ತಕ್ಕಡಿ ಎಲ್ಲ ಮುಗಿಸಿ ಕೊನೆಗೆ ಲ್ಯಾಬಿಗೆ ಬಂದರು. ಫ್ರಿಜ್ಜಿಗೆ ವಿಭೂತಿ ಹಚ್ಚಿ ಕೈಮುಗಿದು, "ನೀನೂ ಆರಾಮ ಮಾಡಪಾ" ಎಂದು, ಉಳಿದ ಯಂತ್ರಗಳಿಗೆ ಮಾಡಿದ ಹಾಗೆ ಅದರ ಸ್ವಿಚ್ಚೂ ಆರಿಸಿದ್ದರು. ನಾನು ಪ್ರಸಾದದ ಕಡೆ ನೋಡುತ್ತಿದ್ದೆ.

ಹಬ್ಬ ಮುಗಿಸಿ ಬಂದು ಫ್ರಿಜ್ಜಿನ ಬಾಗಿಲು ತೆರೆದರೆ ಮುಗ್ಗಿದ ವಾಸನೆ. ಮೇಲಿನ ಖಾನೆಯ ಮಂಜು ಕರಗಿ ನೀರು ನಳಿಕೆಗಳ ಮೇಲೆಲ್ಲ ಸುರಿದಿತ್ತು. ಹತ್ತಿ ತೊಯ್ದು ಬೂಸು ಹಿಡಿದಿತ್ತು. ಟ್ಯಾಂಕುಗಳನ್ನು ಹಿಂದಿನ ಹಂಗಾಮಿನ ಕೊನೆಗೇ ತೊಳೆದಿದ್ದೆವು. ಅಲ್ಲೂ ಏನೂ ಉಳಿದಿರಲಿಲ್ಲ. ಪೇಟೆಯ ಯೀಸ್ಟ್ ತಂದು ಹಂಗಾಮು ಶುರು ಮಾಡಬಹುದಿತ್ತು, ಆದರೆ ಈ ತಳಿ ಪೇಟೆಯಲ್ಲಿ ಸಿಗುವಂಥದ್ದಲ್ಲ. ಸ್ವಾಮಿ ಹಾಕಿದ ಮಾಲೆ ಇನ್ನೂ ಬಾಗಿಲಿಗೆ ನೇತಾಡುತ್ತಿತ್ತು. ಅದನ್ನು ನೋಡುತ್ತ, "ನನ್ನ ಕೈಲೇ ಕೊಂದೆನಲ್ರೀ" ಎಂದರು. ಅಷ್ಟು ಸಣ್ಣ ದನಿ ಅವರ ಬಾಯಿಂದ ನಾನು ಕೇಳಿರಲಿಲ್ಲ.

ಪ್ರತಿ ನಳಿಕೆಯಿಂದ ಒಂದಿಷ್ಟು ಕೆರೆದು ಹೊಸ ತಟ್ಟೆಗಳ ಮೇಲೆ ಗೀರಿ ಕಾದೆವು. ಕಾಯುವುದು ಎಂದರೆ ಏನೆಂದು ನನಗೆ ಗೊತ್ತಾದದ್ದು ಆಗ. ಸ್ವಾಮಿ ಭಕ್ತರ ಮನೆಗೆ ಹೋಗುವುದನ್ನೇ ಬಿಟ್ಟರು; ನಾನು ಅನ್ನಕ್ಕೆ ಉಪ್ಪು ಹಾಕುವುದನ್ನು ಮರೆತೆ. ತಟ್ಟೆಗಳಲ್ಲಿ ಎದ್ದದ್ದೆಲ್ಲ ಹಸಿರು ಬೂಸು, ಇಲ್ಲವೇ ಕರಿ ಬೂಸು. ಒಂದು ತಟ್ಟೆಯ ಅಂಚಿನಲ್ಲಿ ಮಾತ್ರ ಕೆನೆಬಣ್ಣದ ನಾಲ್ಕಾರು ಚುಕ್ಕಿ. ನಮ್ಮದೋ, ಬೇರೆ ಯಾವುದೋ? ಬಿಸಿ ಕಾಕಂಬಿಗೆ ಬಿಟ್ಟು ಸೀಸೆಯ ಮುಂದೆ ಕೂತೆವು. ಮರುದಿನ ಮಧ್ಯಾಹ್ನ ಒಂದು ಗುಳ್ಳೆ ಎದ್ದಿತು. ಅದರ ಹಿಂದೆ ಇನ್ನೊಂದು. ಸ್ವಾಮಿ ನನ್ನೆದುರೇ ಗಳಗಳ ಅತ್ತುಬಿಟ್ಟರು. ನಾನೂ ಅತ್ತೆ.

ದಸರೆಯ ಬನ್ನಿಯನ್ನು ಬಂಗಾರವೆಂದು ಹುಣ್ಣಿಮೆವರೆಗೂ ಕೊಡುವ ವಾಡಿಕೆಯಲ್ಲವೇ? ಹುಣ್ಣಿಮೆಗೆ ಮುಂಚೆ ಸ್ವಾಮಿ ನಮ್ಮ ಮನೆಗೆ ಬಂದು, ಬನ್ನಿ ಎಲೆಯ ಜೊತೆ ಒಂದು ನಳಿಕೆಯನ್ನೂ ನನ್ನ ಅಂಗೈಯಲ್ಲಿಟ್ಟರು. "ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ."

"ಹೆಪ್ಪು ಮನಿ ದಾಟಬಾರದು ಅಂದಿದ್ರಲ್ರೀ?"

"ದಾಟಲಾರದಕ್ಕೇ ಸಾಯ್ತಿತ್ತು ನೋಡ್ರಿ."

ಸ್ವಾಮಿ ಈಗಿಲ್ಲ. ಅವರ ಜಾಗಕ್ಕೆ ಬಂದ ಸಾಹೇಬರು ಒಣ ಯೀಸ್ಟಿನ ಪೊಟ್ಟಣ ತರಿಸುತ್ತಾರೆ. ಹಳೆಯ ನಳಿಕೆಗಳನ್ನು ಎಸೆಯಿಸಿದರು. ಆಗಾಗ ಹೊಸ ಜೆಲ್ಲಿಗೆ ದಾಟಿಸುತ್ತ ಆ ಸ್ಟೀಲ್ ಡಬ್ಬಿಯಲ್ಲಿ ನಾನು ಕಾಯ್ದುಕೊಂಡು ಬಂದದ್ದಷ್ಟೇ ಉಳಿದಿದೆ. ಅಂದರೆ ಆ ತಳಿಗೆ ಈಗ ಇರುವುದು ಇದೊಂದೇ ಮನೆ, ಇದೊಂದೇ ಫ್ರಿಜ್. ಅದೂ ಈಗ ಸದ್ದು ನಿಲ್ಲಿಸಿ ಕೂತಿದೆ. ಬಾಗಿಲು ಹಿಡಿದು ನಿಂತ ನನಗೆ 'ದಾಟಲಾರದಕ್ಕೇ ಸಾಯ್ತಿತ್ತು' ಎಂಬ ಸ್ವಾಮಿಯ ಮಾತು ಈಗಷ್ಟೇ ಕೇಳಿಸಿದ ಹಾಗಾಯಿತು. ಕಿಟಕಿಯಾಚೆ ಮಂಗಲಾಳ ಮನೆಯಲ್ಲಿ ದೀಪ ಉರಿಯುತ್ತಿತ್ತು. ಅವರಿಗೆ ಇನ್ವರ್ಟರ್ ಇದೆ, ಕರೆಂಟು ಹೋದರೂ ಅವರ ಫ್ರಿಜ್ ನಿಲ್ಲುವುದಿಲ್ಲ.

ಬಟ್ಟಲಿಗೆ ಹೆಪ್ಪು ಹಾಕಿದೆ. ಡಬ್ಬಿಯಿಂದ ಒಂದು ನಳಿಕೆ ತೆಗೆದು, ಸಣ್ಣ ಕರಡಿಗೆಯಲ್ಲಿಟ್ಟು ಮುಚ್ಚಿ, ಅದನ್ನೂ ಅವಳ ಕೈಗೆ ಕೊಟ್ಟೆ.

"ನಿನ್ನ ಫ್ರಿಜ್ಜಿನ್ಯಾಗ ಇದೊಂದು ಇರಲಿ ತಂಗಿ. ಮ್ಯಾಲಿನ ಖಾನ್ಯಾಗ ಇಡಬ್ಯಾಡ. ಬಂಗಾರ ತಗೊಂಡು ಬಂಗಾರದಂಗ ಇರೋಣ."

ಮಂಗಲಾ ಕರಡಿಗೆಯನ್ನು ನೋಡಿದಳು, ದೇವರ ಮುಂದಿನ ದೀಪ ನೋಡಿದಳು, ನನ್ನ ಮುಖ ನೋಡಿದಳು.

"ಇದೇನ್ರಿ ವಹಿನಿ, ಈಗೆಲ್ಲಿ ದಸರಾ?" ಎನ್ನುತ್ತಲೇ ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಹೊಸ್ತಿಲು ದಾಟಿದಳು.